ಇಂದಿರಾನಗರದ ಗೂಂಡಾ ಗೆದ್ದದ್ದು ಹೇಗೆ?

ರಾಹುಲ್ ದ್ರಾವಿಡ್‌ಗೆ ಸಿಟ್ಟು ಬರುತ್ತಾ?

2021ರ ಏಪ್ರಿಲ್, ಐಪಿಎಲ್ ಶುರುವಾದ ಹೊತ್ತು. ಬೆಂಗಳೂರಿನ ಕ್ರೆಡ್ ಕಂಪನಿಯ ಜಾಹೀರಾತು. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ದ್ರಾವಿಡ್ ಪಕ್ಕದ ಕಾರಿನ ಕನ್ನಡಿಗೆ ಬ್ಯಾಟ್ ಬೀಸ್ತಾರೆ. ಸನ್‌ರೂಫ್‌ನಿಂದ ಎದ್ದುನಿಂತು, ನಾನು ಇಂದಿರಾನಗರದ ಗೂಂಡಾ ಅಂತ ಕೂಗ್ತಾರೆ!

ಅಸಲಿ ಆಟ ಶುರುವಾದದ್ದು ಆಮೇಲೆ. ಕೊಹ್ಲಿ ಟ್ವೀಟ್ ಮಾಡಿದರು. ಮೀಮ್ ಪೇಜ್‌ಗಳು ಮುಗಿಬಿದ್ದವು. ಬೇರೆ ಬ್ರ್ಯಾಂಡ್‌ಗಳೂ ಅದೇ ಜೋಕ್ ಹೊಡೆದವು. ಟಿವಿಯಲ್ಲಾದರೆ ಸೆಕೆಂಡಿಗಿಷ್ಟು ಅಂತ ದುಡ್ಡು ಸುರಿಯಬೇಕು. ಜನರೇ ಹಂಚಿದರೆ ಪ್ರಚಾರ ಪುಕ್ಕಟೆ. ಮಾರ್ಕೆಟಿಂಗ್‌ನವರು ಇದನ್ನ ಅರ್ನ್ಡ್ ಮೀಡಿಯಾ ಅಂತಾರೆ.

ಸೂತ್ರ ಇಷ್ಟೇ: ಎಲ್ಲರಿಗೂ ಗೊತ್ತಿರೋ ಮುಖ, ಯಾರೂ ನೋಡಿರದ ಅವತಾರ, ಸ್ಟೇಟಸ್‌ಗೆ ಹಾಕಬಹುದಾದ ಒಂದು ಡೈಲಾಗ್.

ಆದರೆ ಜಾಹೀರಾತು ಹಿಟ್ ಆದ ಮಾತ್ರಕ್ಕೆ ವ್ಯಾಪಾರ ಕುದುರುತ್ತೆ ಅಂತೇನಿಲ್ಲ. ಕ್ರೆಡ್ ಆ್ಯಪ್ ಯಾವ ಕೆಲಸಕ್ಕೆ ಅಂತ ನಿಮಗೆ ನೆನಪಿದೆಯಾ? ಕಾಮೆಂಟ್ ಮಾಡಿ.