ಕಾಫಿ ತೋಟದಲ್ಲಿ ಜಾರಿ ಬಿದ್ದವರು ಸಾಬೀತುಪಡಿಸಬೇಕಾದುದೇನು?

ಚಿಕ್ಕಮಗಳೂರು: ಮೂಡಿಗೆರೆ, ಕಳಸದ ಕಡೆ ಮಳೆಗಾಲ ಕಳೆದರೂ ತೋಟದ ಮೆಟ್ಟಿಲುಗಳ ಮೇಲಿನ ಪಾಚಿ ಬೇಗ ಒಣಗುವುದಿಲ್ಲ. ಅಂಥ ಒಂದೇ ಮೆಟ್ಟಿಲಿನ ಮೇಲೆ ಹಣ್ಣಿನ ಮೂಟೆ ಹೊತ್ತ ಕಾರ್ಮಿಕನೊಬ್ಬ, ಹೋಂಸ್ಟೇಗೆ ಬಂದ ಅತಿಥಿಯೊಬ್ಬ ಜಾರಿ ಬಿದ್ದು ಇಬ್ಬರ ಕಾಲೂ ಮುರಿಯಿತೆನ್ನಿ. ಪರಿಹಾರ ಕೇಳುವಾಗ ಇಬ್ಬರ ಹಾದಿಯೂ ಬೇರೆ ಬೇರೆ.

ಅತಿಥಿಯು ಮಾಲೀಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಮೆಟ್ಟಿಲನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನಿಗಿತ್ತು, ಅಪಾಯವು ಆತನಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು, ಆದರೂ ಕ್ರಮ ಕೈಗೊಳ್ಳಲಿಲ್ಲ, ಅದರಿಂದಲೇ ಗಾಯವಾಯಿತು ಎಂಬುದಕ್ಕೆ ಪುರಾವೆ ಬೇಕು. ಮರುದಿನವೇ ಮೆಟ್ಟಿಲು ಉಜ್ಜಿ ತೊಳೆದರೆ ಪುರಾವೆ ನೀರಿನೊಂದಿಗೆ ಹೋಯಿತು. ಆದ್ದರಿಂದ ಅದೇ ದಿನ ತೆಗೆದ ಛಾಯಾಚಿತ್ರಕ್ಕೆ ಬೆಲೆ ಹೆಚ್ಚು. ಅತಿಥಿಯೇ ಅಜಾಗರೂಕನಾಗಿದ್ದರೆ ಪರಿಹಾರವೂ ಆ ಮಟ್ಟಿಗೆ ತಗ್ಗುತ್ತದೆ. ಹಣ ಕೊಟ್ಟು ತಂಗಿದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು.

ಕಾರ್ಮಿಕನಿಗೆ ಈ ಭಾರವಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕಾಲದಿಂದಲೂ ಮಾಲೀಕನ ತಪ್ಪು ಇಲ್ಲಿ ಪ್ರಶ್ನೆಯೇ ಅಲ್ಲ. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾಯಿತು ಎಂಬುದಿಷ್ಟೇ ಸಾಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ವವನ್ನು ಉಳಿಸಿಕೊಂಡಿದೆ. ಕಾರ್ಮಿಕ ಕುಡಿದಿದ್ದ ಅಥವಾ ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ ಎಂದು ತೋರಿಸಿ ಮಾಲೀಕ ಪಾರಾಗಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ವಾದವೂ ನಡೆಯದು. ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿದರೂ, ಮರಗಸಿ ಮಾಡುವಾಗ ಕೊಂಬೆಯಿಂದ ಬಿದ್ದರೂ ಮಾತು ಒಂದೇ.

ಸರ್ವೋಚ್ಚ ನ್ಯಾಯಾಲಯದ 1975ರ ಡಿಸೆಂಬರ್ ತಿಂಗಳ ತೀರ್ಪೊಂದು ಇಲ್ಲಿ ಸ್ಮರಣೀಯ. ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡಿದ್ದ. ಒಂದು ಕೈಯಿಂದ ಬಡಗಿತನ ಸಾಧ್ಯವಿಲ್ಲದ ಕಾರಣ ಅದು ಪೂರ್ಣ ಅಂಗವೈಕಲ್ಯವೇ ಎಂದ ನ್ಯಾಯಾಲಯ, ಪರಿಹಾರ ಕೊಡುವ ಹೊಣೆ ಅಪಘಾತದ ದಿನದಿಂದಲೇ ಆರಂಭವಾಗುತ್ತದೆ ಎಂದಿತು. ಮರ ಹತ್ತಿಯೇ ಬದುಕುವವನ ಕಾಲು ಹೋದಾಗಲೂ ಕೇಳಬೇಕಾದ ಪ್ರಶ್ನೆ ಇದೇ. ಮೊತ್ತವೂ ಚಿಲ್ಲರೆಯಲ್ಲ. ತಿಂಗಳಿಗೆ 12,000 ರೂಪಾಯಿ ದುಡಿಯುವ 40 ವರ್ಷದವನಿಗೆ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ವೇತನದ ಶೇ. 60ನ್ನು, 1923ರ ಕಾಯ್ದೆಯ ಪಟ್ಟಿಯಂತೆ, 184.17ರಿಂದ ಗುಣಿಸಬೇಕು. ಅದು 13,26,024 ರೂಪಾಯಿ.

ಹಾಗಿದ್ದೂ ಅರ್ಜಿಗಳು ಸೋಲುವುದುಂಟು, ಅದೂ ಬೇರೆಯೇ ಕಾರಣಕ್ಕೆ. ಆಸ್ಪತ್ರೆಗೆ ಕರೆದೊಯ್ದವರು "ಪೊಲೀಸರ ಗೊಡವೆ ಯಾಕೆ, ಮನೆಯಲ್ಲಿ ಜಾರಿ ಬಿದ್ದೆ ಅನ್ನು" ಎಂದು ಹೇಳಿಕೊಡುತ್ತಾರೆ. ನೋವಿನಲ್ಲಿ ಆಡಿದ ಆ ಮಾತು ವೈದ್ಯರ ದಾಖಲೆ ಸೇರುತ್ತದೆ. ವರ್ಷದ ಬಳಿಕ ವಿಮಾ ಕಂಪನಿಯ ವಕೀಲರು ಓದುವುದು ಅದನ್ನೇ. ಬಿದ್ದ ಸ್ಥಳ, ಮಾಡುತ್ತಿದ್ದ ಕೆಲಸ ಎರಡನ್ನೂ ಮೊದಲ ದಿನವೇ ಸರಿಯಾಗಿ ಬರೆಸಬೇಕು.

ಇನ್ನೊಂದು ತೊಡಕು, ತಾನು ಆ ತೋಟದ ಕಾರ್ಮಿಕನೆಂದು ತೋರಿಸುವುದು. ಲೈನ್ ಮನೆಯಲ್ಲಿ ವಾಸಿಸುವವರ ಹೆಸರು ರೈಟರ ಹಾಜರಿ ಪುಸ್ತಕದಲ್ಲಿರುತ್ತದೆ. ಕೊಯ್ಲಿಗೆಂದು ಮೇಸ್ತ್ರಿಯೊಡನೆ ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದವರ ಹೆಸರು ಅಲ್ಲಿರುವುದು ಅಪರೂಪ. ಗುತ್ತಿಗೆದಾರ ಕರೆತಂದ ಕಾರ್ಮಿಕನಿಗೂ ತೋಟದ ಮಾಲೀಕನೇ ಪರಿಹಾರ ಕೊಡಬೇಕು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು ಎನ್ನುತ್ತದೆ ಕಾನೂನು. ಕೂಲಿ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಮೇಸ್ತ್ರಿ ಕಳುಹಿಸಿದ ಮೊಬೈಲ್ ಸಂದೇಶ, ಜೊತೆಗೆ ಕೊಯ್ದವರ ಹೇಳಿಕೆ, ಇವೇ ಅಲ್ಲಿ ಸಾಕ್ಷ್ಯ. ಊರಿಗೆ ಮರಳಿದವರು ತಮ್ಮ ವಾಸಸ್ಥಳದಿಂದಲೂ ಅರ್ಜಿ ಹಾಕಬಹುದು.

ಮಾಲೀಕನ ನಿರ್ಲಕ್ಷ್ಯ ಎದ್ದು ಕಾಣುವಂತಿದ್ದರೆ ಕಾರ್ಮಿಕನೂ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಒಂದೇ ಗಾಯಕ್ಕೆ ಎರಡೂ ಕಡೆ ಪರಿಹಾರ ಕೇಳುವಂತಿಲ್ಲ; ಮೊದಲ ಅರ್ಜಿಗೆ ಸಹಿ ಹಾಕುವ ಮುನ್ನವೇ ಆಯ್ಕೆ ಮುಗಿದಿರಬೇಕು.