ಕಿವಿ ಮಂದವಾಯಿತೇ? ಎಲ್ಲಕ್ಕೂ ಕಿಚನ್ ಗದ್ದಲ ಕಾರಣವಲ್ಲ

ಹೋಟೆಲ್ ಉದ್ಯಮದಲ್ಲಿರುವ ನಮಗೆ ಸದ್ದು ಹೊಸದಲ್ಲ. ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್, ಪಾತ್ರೆಗಳ ಸಪ್ಪಳದ ನಡುವೆಯೇ ದಿನ ಕಳೆಯುತ್ತೇವೆ. ಹಾಗಾಗಿ ಕಿವಿ ಮಂದವಾದರೆ 'ವಯಸ್ಸಾಯಿತು, ಕಿಚನ್ ಗದ್ದಲ ಬೇರೆ' ಎಂದು ಸುಮ್ಮನಾಗಿಬಿಡುತ್ತೇವೆ. ಆದರೆ ವಯಸ್ಸಿನಿಂದಾಗಲಿ, ದಿನನಿತ್ಯದ ಗದ್ದಲದಿಂದಾಗಲಿ ಬರುವ ಕಿವುಡು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಎರಡೂ ಕಿವಿಗಳು ಮಂದವಾಗುತ್ತ ಬಂದರೆ ಕಾರಣ ಬೇರೆ ಇರಬಹುದು.

ಅಂಥ ಒಂದು ಕಾರಣ ನಮ್ಮದೇ ದೇಹದ ರೋಗ ನಿರೋಧಕ ವ್ಯವಸ್ಥೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಅದು ದಾರಿ ತಪ್ಪಿ ಒಳಕಿವಿಯ ಮೇಲೆ ದಾಳಿ ಮಾಡುತ್ತದೆ. 1979ರಲ್ಲಿ ಅಮೆರಿಕದ ವೈದ್ಯ ಬ್ರಯನ್ ಮೆಕೇಬ್ ಅವರು 18 ರೋಗಿಗಳ ವಿವರ ಪ್ರಕಟಿಸಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಕಾಯಿಲೆ ಅಪರೂಪದ್ದೇ. ಆದರೆ ಔಷಧದಿಂದ ಶ್ರವಣ ಶಕ್ತಿ ಮರಳಬಹುದಾದ ಕೆಲವೇ ಒಳಕಿವಿ ತೊಂದರೆಗಳಲ್ಲಿ ಇದೂ ಒಂದು. ತಡ ಮಾಡಿದರೆ ಆ ಅವಕಾಶ ಕೈತಪ್ಪುತ್ತದೆ.

ಲಕ್ಷಣಗಳೇನು?

ಮೊದಲು ಒಂದು ಕಿವಿ, ಬಳಿಕ ಇನ್ನೊಂದು ಮಂದವಾಗಬಹುದು. ಒಂದು ದಿನ ಪರವಾಗಿಲ್ಲ ಎನಿಸಿದರೆ ಮರುದಿನ ಇನ್ನೂ ಕಡಿಮೆ. ಫೋನಿನಲ್ಲಿ ಆರ್ಡರ್ ಹೇಳುವವರ ದನಿ ಕೇಳಿಸುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು, ತಲೆಸುತ್ತು ಇರಬಹುದು. ಕೆಲವರಿಗೆ ಸಂಧಿವಾತ, ಥೈರಾಯ್ಡ್ ಅಥವಾ ಕಣ್ಣು ಕೆಂಪಾಗುವ ತೊಂದರೆ ಜೊತೆಗಿರುತ್ತದೆ. ಇವನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಪತ್ತೆ ಹೇಗೆ?

ಒಳಕಿವಿ ಗಟ್ಟಿಯಾದ ಮೂಳೆಯೊಳಗಿದೆ. ಅಲ್ಲಿಂದ ತುಣುಕು ತೆಗೆದು ಪರೀಕ್ಷಿಸುವಂತಿಲ್ಲ. ಇದೇ ಕಾಯಿಲೆಯೆಂದು ಖಚಿತವಾಗಿ ಹೇಳುವ ರಕ್ತ ಪರೀಕ್ಷೆಯೂ ಇಲ್ಲ. ಆದ್ದರಿಂದ ವೈದ್ಯರು ಹಂತ ಹಂತವಾಗಿ ಮುಂದುವರಿಯುತ್ತಾರೆ.

ಮೊದಲನೆಯದು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ. ಒಮ್ಮೆ ಮಾಡಿಸಿದರೆ ಸಾಲದು. ಕೆಲವು ವಾರಗಳ ಅಂತರದಲ್ಲಿ ಮತ್ತೆ ಮಾಡಿಸಿ ಎರಡನ್ನೂ ಹೋಲಿಸಿದಾಗಲೇ ಶ್ರವಣ ಎಷ್ಟು ವೇಗವಾಗಿ ಕುಸಿಯುತ್ತಿದೆ ಎಂಬುದು ತಿಳಿಯುತ್ತದೆ. ಆದ್ದರಿಂದ ಹಳೆಯ ರಿಪೋರ್ಟುಗಳನ್ನು ಜೋಪಾನವಾಗಿಡಿ.

ಬಳಿಕ ರಕ್ತ ಪರೀಕ್ಷೆಗಳು. ಉರಿಯೂತ ಇದೆಯೇ, ದೇಹದ ಬೇರೆ ಭಾಗಗಳಲ್ಲೂ ಇಂಥದೇ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ಸಿಫಿಲಿಸ್ ಕೂಡ ಇದೇ ರೀತಿ ಕಿವಿ ಕೆಡಿಸಬಲ್ಲದಾದ್ದರಿಂದ ಅದರ ಪರೀಕ್ಷೆಯನ್ನೂ ಹೇಳುತ್ತಾರೆ, ಸಂಕೋಚ ಬೇಡ. ಕಿವಿಯ ನರದಲ್ಲಿ ಗಡ್ಡೆ ಇಲ್ಲವೆಂದು ಖಚಿತಪಡಿಸಲು ಎಂ.ಆರ್.ಐ. ಸ್ಕ್ಯಾನ್ ಬೇಕಾಗುತ್ತದೆ.

ಕೊನೆಯದು ಸ್ಟೀರಾಯ್ಡ್ ಔಷಧ. ಸುಮಾರು 4 ವಾರ ಕೊಟ್ಟು ಮತ್ತೆ ಆಡಿಯೋಗ್ರಾಂ ಮಾಡುತ್ತಾರೆ. ಶ್ರವಣ ಸುಧಾರಿಸಿದರೆ ವೈದ್ಯರ ಸಂಶಯಕ್ಕೆ ಅದೇ ದೊಡ್ಡ ಆಧಾರ. ಎಲ್ಲರಿಗೂ ಗುಣ ಕಾಣುವುದಿಲ್ಲ. ಔಷಧ ಇಳಿಸಿದಾಗ ಕೆಲವರಿಗೆ ತೊಂದರೆ ಮರುಕಳಿಸುವುದೂ ಇದೆ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. ಮಧುಮೇಹ ಇರುವವರು ಮೊದಲೇ ಹೇಳಬೇಕು. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವುದು, ಅರ್ಧಕ್ಕೇ ಬಿಡುವುದು ಎರಡೂ ಅಪಾಯ.

ಇನ್ನೊಂದು ಎಚ್ಚರಿಕೆ. ಒಂದೆರಡು ದಿನದೊಳಗೆ ಥಟ್ಟನೆ ಕಿವಿ ಕೇಳಿಸದಾದರೆ ಅದು ತುರ್ತು ಸ್ಥಿತಿ. ಎಣ್ಣೆ ಬಿಡುತ್ತ ಕಾಯದೆ ಅದೇ ದಿನ ಇ.ಎನ್.ಟಿ. ವೈದ್ಯರನ್ನು ಕಾಣಿರಿ.

ನಮ್ಮ ಕೆಲಸದ ಹುಡುಗರನ್ನೂ ಗಮನಿಸೋಣ. ಕರೆದರೆ ಓಗೊಡದವನನ್ನು ಗದರುವ ಮೊದಲು ಅವನಿಗೆ ಕೇಳಿಸುತ್ತಿದೆಯೇ ಎಂದು ವಿಚಾರಿಸೋಣ. ದೊಡ್ಡ ಸರಕಾರಿ ಆಸ್ಪತ್ರೆಗಳ ಇ.ಎನ್.ಟಿ. ವಿಭಾಗದಲ್ಲಿ ಆಡಿಯೋಗ್ರಾಂ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಅರ್ಧ ದಿನದ ರಜೆ ಕೊಟ್ಟರೆ ಒಬ್ಬನ ಕಿವಿ ಉಳಿದೀತು.