ವಾಷಿಂಗ್ ಮಷಿನ್ ಡ್ರೈಯರ್ ತಿರುಗ್ತಿಲ್ವಾ? ಗುಜರಿಗೆ ಹಾಕೋ ಮುಂಚೆ ಇಷ್ಟು ನೋಡಿ

ಮಧುಗಿರಿ: ನಲ್ಲಿ ನೀರು ಬಂದ ದಿನವೇ ನಮ್ಮ ಕಡೆ ಬಟ್ಟೆ ಒಗೆಯೋ ದಿನ. ನಾಲ್ಕೈದು ದಿನದ ಬಟ್ಟೆ ಒಟ್ಟಿಗೆ ಮಷಿನ್‌ಗೆ ಬೀಳುತ್ತೆ. ಒಗೆದಿದ್ದೂ ಆಯ್ತು, ಜಾಲಿಸಿದ್ದೂ ಆಯ್ತು, ಬಟ್ಟೆನ ಪಕ್ಕದ ಡ್ರೈಯರ್‌ಗೆ ಹಾಕಿ ಗುಂಡಿ ತಿರುಗಿಸಿದ್ರೆ ಮಷಿನ್ ಅಲ್ಲಾಡೋದೇ ಇಲ್ಲ. ಒದ್ದೆ ಬೆಡ್‌ಶೀಟ್, ಜೀನ್ಸ್ ಪ್ಯಾಂಟ್ ಎಲ್ಲಾ ಕೈಯಲ್ಲಿ ಹಿಂಡೋ ಕೆಲಸ ಮನೆ ಹೆಂಗಸರ ತಲೆ ಮೇಲೆ. ಸಂಜೆಗೆ ಮನೇಲಿ ಮಾತು ಶುರುವಾಗುತ್ತೆ: 'ಹಳೇದಾಯ್ತು, ಎಕ್ಸ್‌ಚೇಂಜ್‌ಗೆ ಹಾಕಿ ಹೊಸದು ತಗೊಳ್ಳೋಣ.'

ಸ್ವಲ್ಪ ತಡೀರಿ. ಡ್ರೈಯರ್ ಸ್ಟಾರ್ಟ್ ಆಗದೆ ಇರೋದಕ್ಕೆ ಬಹಳಷ್ಟು ಸಲ ಕಾರಣ ಸಣ್ಣದು. ಮೋಟಾರ್ ಸುಟ್ಟಿರೋದು ಕೊನೇಲಿ ಅನುಮಾನ ಪಡಬೇಕಾದ ವಿಷಯ, ಮೊದಲಲ್ಲ. ಯಾವುದನ್ನ ಯಾವ ಕ್ರಮದಲ್ಲಿ ನೋಡಬೇಕು, ಯಾವುದಕ್ಕೆ ಕೈ ಹಾಕಬಾರದು ಅಂತ ಇಲ್ಲಿ ಹೇಳಿದ್ದೀವಿ.

ಯಾವ ಡ್ರೈಯರ್ ವಿಷಯ ಇದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಡ್ರೈಯರ್ ಅಂದ್ರೆ ಸೆಮಿ ಆಟೋಮ್ಯಾಟಿಕ್ ಮಷಿನ್‌ನಲ್ಲಿ ಒಗೆಯೋ ಟಬ್ ಪಕ್ಕದಲ್ಲಿರೋ ಸಣ್ಣ ಟಬ್. ಅದು ಬಿಸಿ ಮಾಡಿ ಒಣಗಿಸಲ್ಲ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ಬಟ್ಟೆಯಲ್ಲಿರೋ ನೀರನ್ನ ತೂತುಗಳಿಂದ ಆಚೆ ಎಸೆಯುತ್ತೆ, ಅಷ್ಟೇ. ಉಳಿದ ಕೆಲಸ ನಮ್ಮ ಕಡೆ ಬಿಸಿಲೇ ಮಾಡುತ್ತೆ. ಬಿಸಿ ಗಾಳಿಯಲ್ಲಿ ಒಣಗಿಸೋ ಡ್ರೈಯರ್ ಬೇರೆ, ಅದು ಇಲ್ಲಿ ಅಪರೂಪ.

ಈ ಮಷಿನ್‌ನಲ್ಲಿ ಒಗೆಯೋದಕ್ಕೆ ಒಂದು ಮೋಟಾರ್, ಡ್ರೈಯರ್‌ಗೆ ಇನ್ನೊಂದು ಮೋಟಾರ್ ಇರುತ್ತೆ. ಹಾಗಾಗಿ ಮೊದಲ ಪರೀಕ್ಷೆ ಸುಲಭ. ಒಗೆಯೋ ಕಡೆ ಗುಂಡಿ ತಿರುಗಿಸಿ ನೋಡಿ. ಅದೂ ಓಡ್ತಿಲ್ಲ ಅಂದ್ರೆ ತೊಂದರೆ ಕರೆಂಟು, ಪ್ಲಗ್ ಅಥವಾ ವೈರಿನಲ್ಲಿದೆ. ಅದು ಓಡುತ್ತೆ, ಡ್ರೈಯರ್ ಮಾತ್ರ ಓಡಲ್ಲ ಅಂದ್ರೆ ತೊಂದರೆ ಡ್ರೈಯರ್ ಕಡೆಯದು.

ಚಾರ್ಜರ್ ನಂಬಬೇಡಿ, ಫ್ಯಾನ್ ಹಾಕಿ ನೋಡಿ

ಎರಡೂ ಕಡೆ ಓಡ್ತಿಲ್ಲ ಅಂದಾಗ ಹೆಚ್ಚಿನವರು ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ 'ಕರೆಂಟ್ ಇದೆಯಲ್ಲಾ' ಅಂತಾರೆ. ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರೋದು ಓದಿ, 100ರಿಂದ 240 ವೋಲ್ಟ್ ಅಂತ ಇರುತ್ತೆ. ಅಂದ್ರೆ ಕರೆಂಟ್ ಅರ್ಧಕ್ಕೆ ಇಳಿದ್ರೂ ಚಾರ್ಜರ್ ಕೆಲಸ ಮಾಡುತ್ತೆ. ಎಷ್ಟೋ ಎಲ್‌ಇಡಿ ಬಲ್ಬ್‌ಗಳೂ ಹಾಗೇ. ಟೆಸ್ಟರ್ ಕೂಡ ಪೂರ್ತಿ ಸತ್ಯ ಹೇಳಲ್ಲ. ನ್ಯೂಟ್ರಲ್ ವೈರ್ ಲೂಸ್ ಆಗಿದ್ರೂ ಫೇಸ್ ಇದ್ದರೆ ಟೆಸ್ಟರ್ ಉರಿಯುತ್ತೆ, ಮಷಿನ್ ಮಾತ್ರ ಓಡಲ್ಲ.

ಅದೇ ಸಾಕೆಟ್‌ಗೆ ಟೇಬಲ್ ಫ್ಯಾನ್ ಹಾಕಿ. ಫುಲ್ ಸ್ಪೀಡ್‌ನಲ್ಲಿ ಓಡಿದ್ರೆ ಸಾಕೆಟ್ ಸರಿಯಿದೆ. ತೂಗಾಡ್ಕೊಂಡು ತಿರುಗಿದ್ರೆ ವೋಲ್ಟೇಜ್ ಕಮ್ಮಿ ಇದೆ. ತಿರುಗಲೇ ಇಲ್ಲ ಅಂದ್ರೆ ಸಾಕೆಟ್ ಅಥವಾ ವೈರಿಂಗ್ ನೋಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸ್ತಿದ್ರೆ ಅದನ್ನ ತೆಗೆದು ನೇರವಾಗಿ ಗೋಡೆ ಸಾಕೆಟ್‌ಗೇ ಹಾಕಿ. ಪ್ಲಗ್ ಕರಗಿದ ಹಾಗೆ ಕಪ್ಪಾಗಿದ್ರೆ ಇನ್ನೊಮ್ಮೆ ಸ್ವಿಚ್ ಹಾಕಲೇಬೇಡಿ.

ಕಿವಿ ಕೊಟ್ಟು ಕೇಳಿ: ಸದ್ದಿದೆಯಾ, ಇಲ್ವಾ?

ಒಗೆಯೋ ಕಡೆ ಸರಿಯಿದೆ, ಡ್ರೈಯರ್ ಮಾತ್ರ ಕೆಟ್ಟಿದೆ ಅಂದಾಗ ಮುಚ್ಚಳ ಹಾಕಿ ಗುಂಡಿ ತಿರುಗಿಸಿ, ನಾಲ್ಕೈದು ಸೆಕೆಂಡ್ ಮಾತ್ರ ಕೇಳಿ ಆಫ್ ಮಾಡಿ. ಪೂರ್ತಿ ನಿಶ್ಶಬ್ದವಾ, ಇಲ್ಲಾ 'ಗುಂಯ್' ಅನ್ನುತ್ತಾ? ಈ ಒಂದು ವ್ಯತ್ಯಾಸ ಅರ್ಧ ಕೆಲಸ ಮುಗಿಸುತ್ತೆ. ನಿಶ್ಶಬ್ದ ಅಂದ್ರೆ ಮೋಟಾರಿಗೆ ಕರೆಂಟೇ ತಲುಪ್ತಿಲ್ಲ. ಗುಂಯ್ ಅಂದ್ರೆ ಕರೆಂಟ್ ತಲುಪಿದೆ, ಮೋಟಾರಿಗೆ ತಿರುಗೋಕೆ ಆಗ್ತಿಲ್ಲ.

ಸದ್ದೇ ಇಲ್ಲ ಅಂದ್ರೆ

ಮೊದಲು ಮುಚ್ಚಳ ನೋಡಿ. ಡ್ರೈಯರ್ ಮುಚ್ಚಳದ ಕೆಳಗೆ ಒಂದು ಸಣ್ಣ ಸ್ವಿಚ್ ಇರುತ್ತೆ. ಮುಚ್ಚಳ ಪೂರ್ತಿ ಕೂತರೆ ಮಾತ್ರ ಅದು ಒತ್ತಿಕೊಂಡು ಮೋಟಾರಿಗೆ ಕರೆಂಟ್ ಬಿಡುತ್ತೆ. ಪ್ಲಗ್ ಕಿತ್ತು, ಮುಚ್ಚಳನ ನಿಧಾನಕ್ಕೆ ಹಾಕಿ. ಎಷ್ಟೋ ಮಷಿನ್‌ಗಳಲ್ಲಿ 'ಟಿಕ್' ಅಂತ ಕೇಳುತ್ತೆ. ಮೊದಲು ಕೇಳ್ತಿದ್ದ ಟಿಕ್ ಈಗ ಕೇಳದಿದ್ರೆ ಮುಚ್ಚಳದ ಕೀಲಿನ ಹತ್ತಿರ ಇರೋ ಪ್ಲಾಸ್ಟಿಕ್ ಮೊನೆ ಮುರಿದಿರಬಹುದು, ಇಲ್ಲಾ ಸ್ವಿಚ್ ಕೆಟ್ಟಿರಬಹುದು. ಮುಚ್ಚಳದ ಮೇಲೆ ಕೈ ಒತ್ತಿ ಹಿಡಿದ್ರೆ ಮಾತ್ರ ಓಡುತ್ತೆ ಅನ್ನೋ ಮಷಿನ್‌ಗಳಿಗೆ ಇದೇ ಕಾಯಿಲೆ. ಮೇಲೆ ಕಲ್ಲು ಇಡೋದು ಔಷಧಿ ಅಲ್ಲ, ಮುಚ್ಚಳ ಅಥವಾ ಸ್ವಿಚ್ ಬದಲಿಸೋದು ಔಷಧಿ.

ಎರಡನೇದು ಟೈಮರ್. 5 ನಿಮಿಷದ ಗುಂಡಿ ತಿರುಗಿಸಿದಾಗ ಟಿಕ್ ಟಿಕ್ ಅಂತ ವಾಪಸ್ ಬರ್ತಿದೆಯಾ? ಅಲ್ಲೇ ನಿಂತಿದ್ರೆ, ಅಥವಾ ಹಿಡಿತವಿಲ್ಲದೆ ಸುಮ್ನೆ ತಿರುಗಿದ್ರೆ ಟೈಮರ್ ಹೋಗಿದೆ.

ಮೂರನೇದು ಇಲಿ. ಸಾಕಷ್ಟು ಮಷಿನ್‌ಗಳ ತಳ ಓಪನ್ ಇರುತ್ತೆ. ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ ಇಟ್ಟ ಮಷಿನ್ ಒಳಗೆ ಇಲಿ ಹೊಕ್ಕು ವೈರ್ ಕಚ್ಚಿ ಹಾಕುತ್ತೆ. ಮಷಿನ್ ಕೆಳಗೆ ಇಲಿ ಹಿಕ್ಕೆ, ಪ್ಲಾಸ್ಟಿಕ್ ಚೂರು ಕಂಡರೆ ಸ್ವಿಚ್ ಹಾಕಬೇಡಿ. ಸಿಪ್ಪೆ ಹೋದ ವೈರ್ ಬಾಡಿಗೆ ತಗುಲಿದ್ರೆ ಶಾಕ್ ಹೊಡೆಯುತ್ತೆ. ರಿಪೇರಿ ಆದ್ಮೇಲೆ ತಳಕ್ಕೆ ಜಾಲರಿ ಹಾಕಿಸಿ.

ನಾಲ್ಕನೇದು, ಮೋಟಾರ್ ಬಿಸಿಯಾಗಿ ತಾನೇ ನಿಂತಿರೋದು. ಒಂದರ ಹಿಂದೆ ಒಂದು ಲೋಡ್ ಹಾಕಿದ್ರೆ ಮೋಟಾರ್ ಒಳಗಿನ ರಕ್ಷಣಾ ಸ್ವಿಚ್ ಕರೆಂಟ್ ಕಟ್ ಮಾಡುತ್ತೆ. ಮಷಿನ್ ಆಫ್ ಮಾಡಿ ಒಂದು ಗಂಟೆ ಬಿಟ್ಟು ನೋಡಿ. ತಾನಾಗೇ ಓಡಿದ್ರೆ ಕಾರಣ ಅದೇ.

ಗುಂಯ್ ಅನ್ನುತ್ತೆ, ತಿರುಗಲ್ಲ ಅಂದ್ರೆ

ಹೀಗಾದಾಗ 'ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ' ಅಂತ ಆನ್‌ನಲ್ಲೇ ಬಿಡಬೇಡಿ. ನಿಂತಿರೋ ಮೋಟಾರಿಗೆ ಕರೆಂಟ್ ಹೋಗ್ತಾ ಇದ್ರೆ ಕಾಯಿಲ್ ಬಿಸಿಯಾಗಿ ಸುಡುತ್ತೆ. ಸಣ್ಣ ರಿಪೇರಿ ದೊಡ್ಡದಾಗೋದು ಇಲ್ಲೇ.

ಪ್ಲಗ್ ಕಿತ್ತು ಟಬ್ ಒಳಗೆ ನೋಡಿ. ಕಾಲುಚೀಲ, ಕರ್ಚೀಫ್, ಮಗುವಿನ ಟೋಪಿ ಟಬ್ ಅಂಚು ದಾಟಿ ಹೊರಗಿನ ಟಬ್ ಸಂದಿಗೆ ಬಿದ್ದಿರುತ್ತೆ. ಬಟ್ಟೆ ಮೇಲೆ ಇಡೋ ಪ್ಲಾಸ್ಟಿಕ್ ತಟ್ಟೆಯನ್ನ ಇಡದೆ ಓಡಿಸಿದ್ರೆ ಹೀಗಾಗೋದು ಜಾಸ್ತಿ.

ಇಲ್ಲೊಂದು ವಿಷಯ ತಿಳ್ಕೊಂಡಿರಿ. ಮುಚ್ಚಳ ತೆಗೆದಾಗ ಟಬ್‌ನ ಕೈಯಿಂದ ತಿರುಗಿಸಿದ್ರೆ ಬಿಗಿಯಾಗಿರುತ್ತೆ. ಅದು ಜಾಮ್ ಅಲ್ಲ, ಬ್ರೇಕ್. ಮುಚ್ಚಳ ಹಾಕಿದಾಗ ಒಂದು ತಂತಿ ಬ್ರೇಕನ್ನ ಎಳೆದು ಬಿಡಿಸುತ್ತೆ, ತೆಗೆದಾಗ ಸ್ಪ್ರಿಂಗ್ ಬ್ರೇಕ್ ಹಿಡಿಸುತ್ತೆ. ಸೈಕಲ್ ಬ್ರೇಕ್ ತಂತಿ ಇದ್ದ ಹಾಗೆ, ಆದರೆ ಲೆಕ್ಕ ಉಲ್ಟಾ: ಇಲ್ಲಿ ತಂತಿ ಕಿತ್ತುಹೋದ್ರೆ ಬ್ರೇಕ್ ಹಿಡಿದೇ ಇರುತ್ತೆ. ಆಗ ಮೋಟಾರ್ ಗುಂಯ್ ಅನ್ನುತ್ತೆ, ಟಬ್ ಅಲ್ಲಾಡಲ್ಲ. ಮೆಕ್ಯಾನಿಕ್ ಹಿಂದಿನ ಕವರ್ ತೆಗೆದ್ರೆ ಈ ತಂತಿ ಕಣ್ಣಿಗೇ ಕಾಣುತ್ತೆ.

ಬ್ರೇಕ್ ಸರಿಯಿದ್ರೆ ಮುಂದಿನ ಅನುಮಾನ ಕೆಪಾಸಿಟರ್ ಮೇಲೆ. ಫ್ಯಾನ್‌ಗೆ ಇರೋ ಹಾಗೆ ಈ ಮೋಟಾರಿಗೂ ಮೊದಲ ತಳ್ಳು ಕೊಡೋದು ಅದೇ. ಅದು ವೀಕ್ ಆದ್ರೆ ಮೋಟಾರ್ ಗುಂಯ್ ಅನ್ನುತ್ತಾ ನಿಲ್ಲುತ್ತೆ. ಸಾಕಷ್ಟು ಮಷಿನ್‌ಗಳಲ್ಲಿ ಎರಡೂ ಮೋಟಾರಿಗೆ ಸೇರಿ ಒಂದೇ ಡಬ್ಬಿ ಇರುತ್ತೆ, ಅದರ ಮೇಲೆ 10+5 ಅನ್ನೋ ಥರ ಎರಡು ನಂಬರ್ ಇರುತ್ತೆ. ಅದಕ್ಕೇ ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ಕೆಡೋದುಂಟು. ಹಳೇದರ ಮೇಲಿದ್ದ ನಂಬರಿನದ್ದೇ ಹಾಕಬೇಕು, 'ಸ್ವಲ್ಪ ದೊಡ್ಡದು ಹಾಕಿದ್ರೆ ಪವರ್ ಬರುತ್ತೆ' ಅನ್ನೋದು ತಪ್ಪು. ಇದರ ಬೆಲೆ ನೂರರ ಲೆಕ್ಕದ್ದು, ಸಾವಿರದ ಲೆಕ್ಕದ್ದಲ್ಲ. ಆದರೆ ನೀವೇ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರುತ್ತೆ, ಹೊಡೆಯುತ್ತೆ.

ಇದ್ಯಾವುದೂ ಅಲ್ಲ ಅಂದ್ರೆ ಬೇರಿಂಗ್. ನಮ್ಮ ನಾಲ್ಕೂ ತಾಲ್ಲೂಕಿನ ಬೋರ್‌ವೆಲ್ ನೀರು ಗಡಸು, ಅದರಲ್ಲೂ ಪಾವಗಡದವರಿಗೆ ಹೇಳೋದೇ ಬೇಡ. ಬಿಳಿ ಉಪ್ಪು ಕಟ್ಟಿ ಟಬ್ ಕೆಳಗಿನ ರಬ್ಬರ್ ಸೀಲ್ ಒರಟಾಗಿ ಸವೆಯುತ್ತೆ, ಅಲ್ಲಿಂದ ನೀರು ಮೋಟಾರ್ ಮೇಲೆ ತೊಟ್ಟಿಕ್ಕಿ ತುಕ್ಕು ಹಿಡಿಸುತ್ತೆ. ಡ್ರೈಯರ್ ಕೆಳಗೆ ನೆಲದಲ್ಲಿ ನೀರು ಕಂಡಾಗಲೇ ಸೀಲ್ ಬದಲಿಸಿದ್ರೆ ಮೋಟಾರ್ ಉಳಿಯುತ್ತೆ.

ಸಂಜೆ ಓಡಲ್ಲ, ಬೆಳಗ್ಗೆ ಓಡುತ್ತೆ!

ಹಳ್ಳಿ ಕಡೆ ಇದೊಂದು ದೂರು ಬೇರೆ. ಇದು ಮಷಿನ್ ಕಾಯಿಲೆ ಅಲ್ಲ, ವೋಲ್ಟೇಜ್. ಮನೆಗೆ ಬರಬೇಕಾದ್ದು 230 ವೋಲ್ಟ್. ಅದು 160ಕ್ಕೆ ಇಳಿದ್ರೆ ಕಡಿಮೆಯಾಗಿರೋದು 70 ಅಷ್ಟೇ ಅನ್ಸುತ್ತೆ. ಆದರೆ ಇಂಥ ಮೋಟಾರ್ ತಿರುಗಿಸೋ ಬಲ ಅರ್ಧಕ್ಕಿಂತ ಕೆಳಗೆ ಬೀಳುತ್ತೆ, ಯಾಕಂದ್ರೆ ಆ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. ಒದ್ದೆ ಬಟ್ಟೆ ತುಂಬಿದ ಟಬ್ ಎತ್ತೋಕೆ ಅದು ಸಾಲಲ್ಲ.

ತಿರುಮಣಿ ಹತ್ತಿರ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಕೊಂಡು ನಮಗ್ಯಾಕೆ ಡಿಮ್ ಕರೆಂಟ್ ಅಂತ ಪಾವಗಡದವರು ಕೇಳೋದು ಸಹಜ. ಆ ಕರೆಂಟ್ ನೇರ ನಮ್ಮ ಬೀದಿಗೆ ಬರಲ್ಲ, ದೊಡ್ಡ ಲೈನ್ ಮೂಲಕ ಗ್ರಿಡ್ಡಿಗೆ ಸೇರುತ್ತೆ. ನಮ್ಮ ಮನೆ ವೋಲ್ಟೇಜ್ ನಿರ್ಧಾರ ಆಗೋದು ಬೀದಿ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಲೋಡ್ ಇದೆ, ಅಲ್ಲಿಂದ ನಮ್ಮ ಮನೆ ಎಷ್ಟು ದೂರ ಅನ್ನೋದರ ಮೇಲೆ. ಲೈನಿನ ಕೊನೇ ಮನೆಗೆ ಪೆಟ್ಟು ಜಾಸ್ತಿ. ನಾಲ್ಕೂ ತಾಲ್ಲೂಕು ಬೆಸ್ಕಾಂಗೆ ಸೇರಿದ್ದು. 1912ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಕೊಳ್ಳಿ. ಬೀದಿಯ ನಾಲ್ಕು ಮನೆಯವರು ಸೇರಿ ದೂರು ಕೊಟ್ಟರೆ ಇನ್ನೂ ಒಳ್ಳೇದು. ಅಲ್ಲೀವರೆಗೂ ಡಿಮ್ ಇರೋ ಹೊತ್ತಲ್ಲಿ ಡ್ರೈಯರ್ ಹಾಕಬೇಡಿ.

'ಡೈರೆಕ್ಟ್' ಮಾಡಿಸಬೇಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಮುಚ್ಚಳದ ಸ್ವಿಚ್ ಕೆಟ್ಟಾಗ ಸ್ಪೇರ್ ಪಾರ್ಟ್ ಸಿಗಲಿಲ್ಲ ಅಂತ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಕೊಡೋದುಂಟು. ಅದಕ್ಕೆ 'ಡೈರೆಕ್ಟ್' ಅಂತಾರೆ.

ನಮ್ಮ ಮನೇಲೂ ಹೀಗೇ ಮಾಡಿಕೊಟ್ಟು ಹೋಗಿದ್ರು. ಐದು ನಿಮಿಷದ ಕೆಲಸ, ದುಡ್ಡೂ ಕಮ್ಮಿ. ಅಮ್ಮನಿಗೆ ಖುಷಿ. ತಿಂಗಳೊಪ್ಪತ್ತಿನಲ್ಲಿ ಬ್ರೇಕ್ ಸವೆದು ಹೋಗಿತ್ತು, ನಮಗೆ ಗೊತ್ತೇ ಆಗಲಿಲ್ಲ. ರಜಕ್ಕೆ ಬಂದಿದ್ದ ಅಕ್ಕನ ಮಗ ಸ್ಟೂಲ್ ಹತ್ತಿ ಮುಚ್ಚಳ ತೆಗೆದು ತಿರುಗ್ತಿದ್ದ ಟಬ್ ಒಳಗೆ ಬಗ್ಗಿ ನೋಡ್ತಿದ್ದ. ಅಮ್ಮ ಕಂಡಿದ್ರಿಂದ ಎಳೆದುಕೊಂಡ್ರು. ಕೈ ಹಾಕಿದ್ರೆ ಏನಾಗ್ತಿತ್ತು ಅಂತ ಈಗಲೂ ಮನೇಲಿ ಯಾರೂ ಬಾಯಿಬಿಟ್ಟು ಹೇಳಲ್ಲ.

ಆಗಿದ್ದು ಇಷ್ಟು. ಡೈರೆಕ್ಟ್ ಮಾಡಿದ್ರೆ ಮುಚ್ಚಳ ತೆಗೆದ್ರೂ ಮೋಟಾರಿಗೆ ಕರೆಂಟ್ ನಿಲ್ಲಲ್ಲ. ಒಂದು ಕಡೆ ಮೋಟಾರ್ ಎಳೆಯುತ್ತೆ, ಇನ್ನೊಂದು ಕಡೆ ಬ್ರೇಕ್ ಹಿಡಿಯುತ್ತೆ. ಸ್ವಲ್ಪ ದಿನಕ್ಕೆ ಬ್ರೇಕ್ ಸೋಲುತ್ತೆ. ಆಮೇಲೆ ಮುಚ್ಚಳ ತೆಗೆದ್ರೂ ಟಬ್ ತಿರುಗ್ತಾನೇ ಇರುತ್ತೆ. ಸೀರೆ ಸೆರಗು, ದುಪ್ಪಟ್ಟಾ, ಮಗುವಿನ ಕೈ ಯಾವುದು ಸಿಕ್ಕಿದ್ರೂ ಸುತ್ತಿಕೊಳ್ಳುತ್ತೆ. ನಿಮ್ಮ ಮಷಿನ್ ಡೈರೆಕ್ಟ್ ಆಗಿದೆಯಾ ಅಂತ ಇವತ್ತೇ ನೋಡಿ. ಖಾಲಿ ಡ್ರೈಯರ್ ಓಡಿಸಿ ಮುಚ್ಚಳ ತೆಗೀರಿ, ಕೈ ದೂರ ಇರಲಿ. ಮೋಟಾರ್ ಸದ್ದು ತಕ್ಷಣ ನಿಂತು, ಟಬ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ರಿಪೇರಿ ಆಗೋವರೆಗೂ ಬಳಸಬೇಡಿ.

ಇನ್ನೊಂದು, ಅರ್ಥಿಂಗ್. ಒದ್ದೆ ನೆಲ, ಬರಿಗಾಲು, ತಗಡಿನ ಬಾಡಿ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಕಿತ್ತು ಎರಡು ಪಿನ್‌ನಲ್ಲಿ ಓಡಿಸಬೇಡಿ. ಬಾಡಿ ಮುಟ್ಟಿದಾಗ ಸ್ವಲ್ಪ 'ಜುಂ' ಅಂದ್ರೂ ನಿಲ್ಲಿಸಿ. ಸಾಧ್ಯವಾದ್ರೆ ಎಲೆಕ್ಟ್ರಿಷಿಯನ್ ಹತ್ರ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ.

ಹೋಟೆಲ್, ಲಾಡ್ಜ್, ಪಾರ್ಲರ್‌ನವರಿಗೆ

ಟವೆಲ್, ಬೆಡ್‌ಶೀಟ್ ಒಗೆಯೋಕೆ ಮನೆ ಮಷಿನ್ ತಂದಿಟ್ಟಿರೋ ಅಂಗಡಿಯವರು ಬಹಳ ಜನ ಇದ್ದಾರೆ. ಈ ಮೋಟಾರ್ ದಿನವಿಡೀ ಓಡೋಕೆ ಮಾಡಿದ್ದಲ್ಲ. ಎರಡು ಮೂರು ಸಲ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಿ, ಬಟ್ಟೆ ಸಮವಾಗಿ ಹರಡಿ ಹಾಕಿ. ವಾರಂಟಿ ಕಾರ್ಡ್ ಓದಿ. ಮನೆ ಬಳಕೆಗೆ ಮಾತ್ರ ಅಂತ ಬರೆದಿದ್ರೆ ಅಂಗಡಿಯಲ್ಲಿ ಕೆಟ್ಟಾಗ ಕಂಪನಿ ಕೈ ಎತ್ತಬಹುದು.

ಮೆಕ್ಯಾನಿಕ್ ಕರೆದಾಗ

ಫೋನ್‌ನಲ್ಲೇ ಹೇಳಿ: ಒಗೆಯೋ ಕಡೆ ಓಡುತ್ತಾ ಇಲ್ವಾ, ಡ್ರೈಯರ್ ಸದ್ದು ಇದೆಯಾ ಇಲ್ವಾ, ಮಷಿನ್ ಮಾಡೆಲ್ ನಂಬರ್ ಏನು. ಅಷ್ಟು ಹೇಳಿದ್ರೆ ಅವರು ಪಾರ್ಟ್ ಜೊತೆಗೇ ಬರ್ತಾರೆ. ಇಲ್ಲಾಂದ್ರೆ ನೋಡೋಕೆ ಒಂದು ಸಲ, ತುಮಕೂರಿಗೋ ಹಿಂದೂಪುರಕ್ಕೋ ಹೋಗಿ ಪಾರ್ಟ್ ತಂದು ಹಾಕೋಕೆ ಇನ್ನೊಂದು ಸಲ. ಬದಲಿಸಿದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ, ಬಿಲ್ ಬರೆಸಿ. 'ಮೋಟಾರ್ ಹೋಗಿದೆ' ಅಂದ್ರೆ ಮೀಟರ್ ಹಿಡಿದು ತೋರಿಸೋಕೆ ಹೇಳಿ, ಕೆಪಾಸಿಟರ್ ಮತ್ತೆ ಬ್ರೇಕ್ ನೋಡಿದ್ರಾ ಅಂತ ಕೇಳಿ. ವಾರಂಟಿ ಇದ್ದೂ ಸರಿ ಮಾಡಿಕೊಡದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಒಟ್ನಲ್ಲಿ ಸಾಕೆಟ್, ಮುಚ್ಚಳ, ಸದ್ದು ಈ ಮೂರು ನೀವೇ ನೋಡಿ. ಬ್ರೇಕ್, ಕೆಪಾಸಿಟರ್, ಮೋಟಾರ್ ಮೆಕ್ಯಾನಿಕ್‌ಗೆ ಬಿಡಿ. ಡೈರೆಕ್ಟ್ ಮಾಡ್ತೀನಿ ಅಂದ್ರೆ ಮಾತ್ರ, ಅದು ಯಾರೇ ಆಗಿರ್ಲಿ, ಬೇಡ ಅನ್ನಿ.